'ಇಲ್ಲ' ಮತ್ತು 'ತಿಳಿಯಲಿಲ್ಲ': ಗಿಟ್ ತಂತ್ರಾಂಶದ ಪರೀಕ್ಷಾ ಸ್ಕ್ರಿಪ್ಟ್‌ಗಳ ಪರಿಶೀಲನೆ

ಹಸ್ತಪ್ರತಿಗಳನ್ನು ಹೋಲಿಸುವಾಗ 'ಈ ಪ್ರತಿಯಲ್ಲಿ ಈ ಪದ್ಯವಿಲ್ಲ' ಎಂದು ಬರೆಯುವುದಕ್ಕೂ 'ಈ ಪ್ರತಿಯಲ್ಲಿ ಇಲ್ಲಿ ಓಲೆ ಮುರಿದಿದೆ' ಎಂದು ಬರೆಯುವುದಕ್ಕೂ ಇರುವ ಅಂತರವನ್ನು ಗ್ರಂಥಸಂಪಾದನೆಯ ವಿದ್ಯಾರ್ಥಿಗಳು ಆರಂಭದಲ್ಲಿಯೇ ಕಲಿಯುತ್ತಾರೆ. ಮೊದಲನೆಯದು ಒಂದು ಸಾಕ್ಷ್ಯ. ಎರಡನೆಯದು ಸಾಕ್ಷ್ಯದ ಅಭಾವ. ಇವೆರಡನ್ನೂ ಅಡಿಟಿಪ್ಪಣಿಯಲ್ಲಿ ಒಂದೇ ಚಿಹ್ನೆಯಿಂದ ಸೂಚಿಸಿದರೆ, ಮುಂದೆ ಆ ಪ್ರತಿಯ ಶಾಖೆಯನ್ನು ನಿರ್ಣಯಿಸಲು ಹೊರಟವರು ಇಲ್ಲದ ಸಂಬಂಧಗಳನ್ನು ಕಲ್ಪಿಸಿಕೊಳ್ಳಬೇಕಾಗುತ್ತದೆ.

ಇದೇ ಭೇದವು ಗಣಕಯಂತ್ರದ ಕ್ಷೇತ್ರದಲ್ಲಿ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಪ್ರಸ್ತುತ ಲೇಖನದ ವಿಷಯ ಗಿಟ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶದ ಪರೀಕ್ಷಾ ಸ್ಕ್ರಿಪ್ಟ್‌ಗಳು. ನಿರ್ದಿಷ್ಟವಾಗಿ ಹೇಳುವುದಾದರೆ, ಒಬ್ಬರು ಬರೆದ ಪರೀಕ್ಷೆಯನ್ನು ಇನ್ನೊಬ್ಬರು ಓದಿ, ಅದು ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ಅರ್ಥವನ್ನು ಕೊಡುವುದೇ ಎಂದು ಪರಿಶೀಲಿಸುವ ಪದ್ಧತಿ. ಕನ್ನಡ ವಿಭಾಗದ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂಬ ಪ್ರಶ್ನೆ ಏಳುವುದು ಸಹಜ. ಪಠ್ಯಗಳ ಗಣಕೀಕರಣ, ಪಾಠಾಂತರಗಳ ಹೋಲಿಕೆ, ಪದಪ್ರಯೋಗಗಳ ಎಣಿಕೆ ಮುಂತಾದ ಕೆಲಸಗಳಿಗೆ ನಮ್ಮಲ್ಲಿಯೂ ಕೆಲವರು ಸಣ್ಣ ಸಣ್ಣ ಸ್ಕ್ರಿಪ್ಟ್‌ಗಳನ್ನು ಬರೆದುಕೊಳ್ಳುತ್ತಿದ್ದೇವೆ. ಅವು ಕೊಡುವ ಉತ್ತರಗಳನ್ನು ಪ್ರಬಂಧಗಳಲ್ಲಿ ಆಧಾರವಾಗಿ ಬಳಸುತ್ತಿದ್ದೇವೆ. ಆ ಉತ್ತರಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ನಮ್ಮ ಪ್ರಶ್ನೆಯೂ ಹೌದು.

ಈ ವಿಷಯದ ಕಡೆಗೆ ನನ್ನ ಗಮನ ಹರಿದದ್ದು ಒಂದು ಸ್ವಂತ ಪ್ರಮಾದದಿಂದ. ಒಂದು ಚಂಪೂಕಾವ್ಯದ ಎರಡು ಗಣಕಪ್ರತಿಗಳನ್ನು ಹೋಲಿಸಲು ಷೆಲ್ ಸ್ಕ್ರಿಪ್ಟೊಂದನ್ನು ಬರೆದಿದ್ದೆ. ಪ್ರತಿಯೊಂದು ಪದ್ಯವೂ ಒಂದು ಪ್ರತ್ಯೇಕ ಕಡತ. ಆಶ್ವಾಸದ ಸಂಖ್ಯೆ ಮತ್ತು ಪದ್ಯದ ಮೊದಲ ಪದ ಸೇರಿ ಆ ಕಡತದ ಹೆಸರು. ಎರಡು ಪ್ರತಿಗಳ ಒಂದೇ ಹೆಸರಿನ ಕಡತಗಳನ್ನು 'ಡಿಫ್' ಎಂಬ ಆದೇಶಕ್ಕೆ ಒಪ್ಪಿಸಿ, ಅದು ಹಿಂದಿರುಗಿಸುವ ಸಂಖ್ಯೆ 1 ಆಗಿದ್ದರೆ 'ಪಾಠಾಂತರವಿದೆ' ಎಂದೂ ಇಲ್ಲವಾದರೆ 'ಸಮಾನಪಾಠ' ಎಂದೂ ಮುದ್ರಿಸುವುದು ಸ್ಕ್ರಿಪ್ಟಿನ ಕೆಲಸ. ಸಂಖ್ಯೆಗಳನ್ನು ಹೋಲಿಸುವಲ್ಲಿ ಎರಡು ಸಮ ಚಿಹ್ನೆಗಳನ್ನು (==) ಬಳಸಿದ್ದೆ. ಮನೆಯ ಯಂತ್ರದಲ್ಲಿ ಅದು ಸರಿಯಾಗಿ ನಡೆಯಿತು. ಬೇರೊಂದು ಯಂತ್ರದಲ್ಲಿ ನಡೆಸಿದಾಗ ಪ್ರತಿಯೊಂದು ಪದ್ಯಕ್ಕೂ 'ಸಮಾನಪಾಠ' ಎಂಬ ಉತ್ತರ ಬಂದಿತು. ಆ ಸಲ ಹೋಲಿಸಿದ್ದು ಮೊದಲ ಸಲ ನೋಡದಿದ್ದ ಆಶ್ವಾಸಗಳನ್ನಾದ್ದರಿಂದ ನನಗೆ ಸಂಶಯವೂ ಬರಲಿಲ್ಲ. ಈ ಭಾಗದಲ್ಲಿ ಎರಡೂ ಪ್ರತಿಗಳು ಒಂದೇ ಮೂಲದವು ಎಂದು ಟಿಪ್ಪಣಿಯನ್ನೂ ಬರೆದುಕೊಂಡೆ. ಕೆಲವು ದಿನಗಳ ಬಳಿಕ ಕಣ್ಣಿನಿಂದ ಓದುತ್ತಿದ್ದಾಗ ಸ್ಪಷ್ಟವಾದ ಪಾಠಭೇದಗಳು ಒಂದರ ಹಿಂದೊಂದು ಕಂಡವು.

ಕಾರಣ ಇಷ್ಟೇ. ಎರಡನೆಯ ಯಂತ್ರದ ಷೆಲ್‌ಗೆ ಎರಡು ಸಮ ಚಿಹ್ನೆಗಳ ಪ್ರಯೋಗ ತಿಳಿಯದು. 'ಈ ಪ್ರಯೋಗ ಅರ್ಥವಾಗಲಿಲ್ಲ' ಎಂಬ ಅಭಿಪ್ರಾಯದಲ್ಲಿ ಅದು 2 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತಿತ್ತು. ತೆರೆಯ ಮೇಲೆ ದೋಷಸೂಚನೆ ಬರುತ್ತಿದ್ದುದೂ ನಿಜ. ಆದರೆ ಕಿರಿಕಿರಿಯೆಂದು ಆ ಸೂಚನೆಗಳನ್ನು ನಾನೇ ಅಡಗಿಸಿದ್ದೆ. 'ಆಗಿದ್ದರೆ, ಇಲ್ಲವಾದರೆ' ಎಂಬ ರಚನೆಯು ಸೊನ್ನೆಯಲ್ಲದ ಎಲ್ಲ ಸಂಖ್ಯೆಗಳನ್ನೂ 'ಇಲ್ಲ' ಎಂದೇ ಎಣಿಸುತ್ತದೆ. ಹೀಗೆ ಮುರಿದ ಓಲೆಯು ಪದ್ಯವಿಲ್ಲದ ಓಲೆಯಾಗಿ ಲೆಕ್ಕಕ್ಕೆ ಸೇರಿತು.

ಯಂತ್ರದಿಂದ ಯಂತ್ರಕ್ಕೆ ಅರ್ಥ ಬದಲಾಗದೆ ನಡೆಯುವ ಈ ಗುಣವನ್ನು ತಂತ್ರಾಂಶದವರು ಪೋರ್ಟಬಿಲಿಟಿ ಎನ್ನುತ್ತಾರೆ. ಇದಕ್ಕೆ 'ಒಯ್ಯಬಲ್ಲತನ' ಎಂಬಂಥ ಕನ್ನಡ ರೂಪಗಳನ್ನು ಸೂಚಿಸಬಹುದಾದರೂ ಅವು ವಸ್ತುವನ್ನು ಹೊತ್ತೊಯ್ಯುವ ಅರ್ಥಕ್ಕೆ ಹತ್ತಿರವಾಗಿ ನಿಲ್ಲುತ್ತವೆ. ಕಡತವನ್ನು ಒಯ್ಯುವುದು ಎಂದೂ ಕಷ್ಟವಲ್ಲ. ಒಯ್ದ ಮೇಲೆ ಅದರ ಅರ್ಥ ಉಳಿಯುವುದು ಕಷ್ಟ. ಆದ್ದರಿಂದ ಇಲ್ಲಿ ಪೋರ್ಟಬಿಲಿಟಿ ಎಂಬ ಪದವನ್ನೇ ಉಳಿಸಿಕೊಂಡಿದ್ದೇನೆ.

ಗಿಟ್ ತಂತ್ರಾಂಶವನ್ನು ಲಿನಸ್ ಟೋರ್ವಾಲ್ಡ್ಸ್ ಅವರು 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನೆಲ್‌ನ ಕೆಲಸಕ್ಕಾಗಿ ಆರಂಭಿಸಿದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಜೂನಿಯೊ ಹಮಾನೊ ಅವರು ಅದರ ನಿರ್ವಹಣೆಯನ್ನು ವಹಿಸಿಕೊಂಡರು. ಕಡತಗಳ ಒಂದೊಂದು ಅವಸ್ಥೆಯನ್ನೂ, ಅದನ್ನು ಯಾರು, ಎಂದು, ಯಾವ ಕಾರಣಕ್ಕೆ ಬದಲಿಸಿದರು ಎಂಬುದರೊಂದಿಗೆ ಕಾಪಾಡುವುದು ಇದರ ಉದ್ದೇಶ. ಮೊದಮೊದಲು ಗಿಟ್ ಎಂದರೆ ಸಿ ಭಾಷೆಯಲ್ಲಿ ಬರೆದ ಹಲವು ಚಿಕ್ಕ ಆದೇಶಗಳು ಮತ್ತು ಅವುಗಳನ್ನು ಒಂದರ ಮುಂದೊಂದು ಪೋಣಿಸುವ ಷೆಲ್ ಸ್ಕ್ರಿಪ್ಟ್‌ಗಳು ಎಂಬಂತಿತ್ತು. ಕಾಲಕ್ರಮದಲ್ಲಿ ಆ ಸ್ಕ್ರಿಪ್ಟ್‌ಗಳಲ್ಲಿ ಬಹುಪಾಲನ್ನು ಸಿ ಭಾಷೆಗೆ ತಿರುಗಿಸಲಾಯಿತು. ಆದರೆ ಪರೀಕ್ಷೆಗಳ ಬಹುಭಾಗ ಇಂದಿಗೂ ಷೆಲ್‌ನಲ್ಲಿಯೇ ಇದೆ. ಗಿಟ್‌ನ ಮೂಲಪಠ್ಯದ 'ಟಿ' ಎಂಬ ಕೋಶದಲ್ಲಿ ಸುಮಾರು ಸಾವಿರ ಪರೀಕ್ಷಾ ಕಡತಗಳಿವೆ. ಪ್ರತಿಯೊಂದರ ಹೆಸರೂ 'ಟಿ' ಅಕ್ಷರ ಮತ್ತು ನಾಲ್ಕು ಅಂಕಿಗಳಿಂದ ಮೊದಲಾಗುತ್ತದೆ. ಮೊದಲ ಅಂಕಿ ವಿಷಯವರ್ಗವನ್ನು ಸೂಚಿಸುತ್ತದೆ. ಗಿಟ್‌ನ್ನು ಬಳಸುವವರು ಅದನ್ನು ಷೆಲ್‌ನಲ್ಲಿ ಆದೇಶಗಳನ್ನು ಬರೆದೇ ಬಳಸುವುದರಿಂದ, ಪರೀಕ್ಷೆಯೂ ಅದೇ ರೂಪದಲ್ಲಿರುವುದು ಸಹಜ. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೆಂದರೆ, ಷೆಲ್ ಎಂಬುದು ಒಂದೇ ಭಾಷೆಯಲ್ಲ.

ಷೆಲ್‌ನ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಸ್ಟೀಫನ್ ಬೋರ್ನ್ ಅವರ ಷೆಲ್ 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಹೊರಬಂದಿತು. ಅದರ ಮೇಲೆ ಡೇವಿಡ್ ಕಾರ್ನ್ ಅವರ ಷೆಲ್, 1989ರಲ್ಲಿ ಬ್ರಯನ್ ಫಾಕ್ಸ್ ಅವರ ಬ್ಯಾಷ್, ಅದೇ ಕಾಲದ ಆಲ್ಮ್‌ಕ್ವಿಸ್ಟ್ ಷೆಲ್ ಮತ್ತು ಅದರಿಂದ ಹುಟ್ಟಿದ ಡ್ಯಾಷ್ ಮೊದಲಾದವು ಬೆಳೆದವು. ಇವುಗಳಿಗೆಲ್ಲ ಸಮಾನವಾದ ಒಂದು ಶಿಷ್ಟರೂಪವನ್ನು ಪೊಸಿಕ್ಸ್ ಎಂಬ ಮಾನಕವು 1992ರಲ್ಲಿ ನಿರೂಪಿಸಿತು. ಅದರ ಇತ್ತೀಚಿನ ಪರಿಷ್ಕರಣ 2024ರದು. ಲಿನಕ್ಸ್‌ನ ಹಲವು ವಿತರಣೆಗಳಲ್ಲಿ 'ಎಸ್‌ಎಚ್' ಎಂಬ ಸಾಮಾನ್ಯ ಹೆಸರಿನ ಹಿಂದೆ ಇದ್ದದ್ದು ಬ್ಯಾಷ್. ಆದ್ದರಿಂದ ಬ್ಯಾಷ್‌ಗೆ ಮಾತ್ರ ವಿಶಿಷ್ಟವಾದ ಪ್ರಯೋಗಗಳು ಎಲ್ಲ ಕಡೆಗೂ ಸಲ್ಲುತ್ತವೆಂದು ಬರೆಯುವವರು ತಿಳಿದಿದ್ದರು. 2006ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 6.10ರಲ್ಲಿ, ವೇಗದ ದೃಷ್ಟಿಯಿಂದ, ಆ ಹೆಸರಿನ ಹಿಂದೆ ಡ್ಯಾಷ್‌ನ್ನು ಇರಿಸಲಾಯಿತು. ಅದುವರೆಗೆ ನಡೆಯುತ್ತಿದ್ದ ಅನೇಕ ಸ್ಕ್ರಿಪ್ಟ್‌ಗಳು ಒಮ್ಮೆಗೇ ನಿಂತವು. ಪ್ರತಿಕಾರನ ಊರಿನ ಮಾತು ಅವನಿಗೇ ತಿಳಿಯದಂತೆ ಪ್ರತಿಯೊಳಗೆ ನುಸುಳುವುದನ್ನು ನಾವು ಬಲ್ಲೆವು. ಈ ಸ್ಕ್ರಿಪ್ಟ್‌ಗಳಲ್ಲಿ ನಡೆದದ್ದೂ ಅದೇ. ಇಂಥ ಪ್ರಯೋಗಗಳಿಗೆ 'ಬ್ಯಾಷಿಸಂ' ಎಂಬ ಹೆಸರೇ ಬಿದ್ದಿದೆ.

ಹಾಗಾದರೆ ಪರಿಶೀಲಕರು ಓದುವಾಗ ಏನನ್ನು ನೋಡುತ್ತಾರೆ? 'ಎಕೋ' ಎಂಬ ಅತ್ಯಂತ ಸಾಮಾನ್ಯ ಆದೇಶವನ್ನೇ ಮೊದಲು ತೆಗೆದುಕೊಳ್ಳೋಣ. ಕೊಟ್ಟ ಮಾತನ್ನು ಹಾಗೆಯೇ ಮುದ್ರಿಸುವುದು ಅದರ ಕೆಲಸ. ಆ ಮಾತಿನ ನಡುವೆ ಬ್ಯಾಕ್‌ಸ್ಲ್ಯಾಷ್ ಮತ್ತು ಅದರ ಮುಂದೆ ಎನ್ ಅಕ್ಷರ ಇದ್ದರೆ, ಡ್ಯಾಷ್ ಅಲ್ಲಿ ಸಾಲನ್ನು ಮುರಿದು ಎರಡು ಸಾಲುಗಳನ್ನು ಮುದ್ರಿಸುತ್ತದೆ. ಬ್ಯಾಷ್ ಸಾಮಾನ್ಯವಾಗಿ ಆ ಎರಡು ಚಿಹ್ನೆಗಳನ್ನೇ ಮುದ್ರಿಸುತ್ತದೆ. ಎರಡೂ ತಪ್ಪಲ್ಲ; ಇದನ್ನು ಆಯಾ ಷೆಲ್ಲೇ ನಿರ್ಧರಿಸಬಹುದೆಂದು ಮಾನಕ ಬಿಟ್ಟುಕೊಟ್ಟಿದೆ. ಆದ್ದರಿಂದ ಸಂದೇಹವಿರುವಲ್ಲಿ 'ಪ್ರಿಂಟ್‌ಎಫ್' ಬಳಸಬೇಕೆಂಬುದು ಗಿಟ್ ಬಳಗದ ರೂಢಿ. 'ಸೆಡ್' ಆದೇಶದಲ್ಲಿ ಕಡತವನ್ನು ಅಲ್ಲಿಯೇ ತಿದ್ದುವ 'ಐ' ಆಯ್ಕೆ, ಸಂಖ್ಯೆಗಳ ಸರಣಿಯನ್ನು ಕೊಡುವ 'ಸೆಕ್', ಆದೇಶವೊಂದು ಎಲ್ಲಿದೆ ಎಂದು ಹೇಳುವ 'ವಿಚ್' ಇವೆಲ್ಲ ನಿಷಿದ್ಧ ಪಟ್ಟಿಯಲ್ಲಿವೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ, ಏಕೆಂದರೆ ಇವು ತಪ್ಪಿದಾಗ ಸಾಮಾನ್ಯವಾಗಿ ಗದ್ದಲ ಮಾಡಿಯೇ ತಪ್ಪುತ್ತವೆ.

ಸ್ವಲ್ಪ ಸೂಕ್ಷ್ಮವಾದ ಪ್ರಸಂಗ ಸಾಲುಗಳನ್ನು ಎಣಿಸುವ 'ಡಬ್ಲ್ಯುಸಿ' ಆದೇಶದ್ದು. ಬಿಎಸ್‌ಡಿ ಪರಂಪರೆಯ ವ್ಯವಸ್ಥೆಗಳಲ್ಲಿ, ಮ್ಯಾಕ್‌ನಲ್ಲಿ ಕೂಡ, ಅದು ಸಂಖ್ಯೆಯ ಹಿಂದೆ ಖಾಲಿ ಜಾಗಗಳನ್ನು ಸೇರಿಸಿ ಮುದ್ರಿಸುತ್ತದೆ, ಲಿನಕ್ಸ್‌ನಲ್ಲಿ ಹಾಗಿಲ್ಲ. ಬಂದ ಉತ್ತರವನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟು 3 ಎಂಬುದರೊಂದಿಗೆ ಹೋಲಿಸಿದರೆ ಲಿನಕ್ಸ್‌ನಲ್ಲಿ ಪರೀಕ್ಷೆ ಗೆಲ್ಲುತ್ತದೆ, ಮ್ಯಾಕ್‌ನಲ್ಲಿ ಸೋಲುತ್ತದೆ. ಉದ್ಧರಣ ಚಿಹ್ನೆಗಳನ್ನು ಬಿಟ್ಟರೆ ಎರಡೂ ಕಡೆ ಗೆಲ್ಲುತ್ತದೆ, ಏಕೆಂದರೆ ಆಗ ಷೆಲ್ ಖಾಲಿ ಜಾಗಗಳನ್ನು ತಾನೇ ಕಳಚುತ್ತದೆ. ಷೆಲ್ ಕಲಿಸುವವರೆಲ್ಲ 'ಉದ್ಧರಣ ಚಿಹ್ನೆಗಳನ್ನು ಮರೆಯಬೇಡಿ' ಎಂದು ಹೇಳಿಕೊಡುತ್ತಾರೆ. ಇಲ್ಲಿ ಆ ಸದಾಚಾರವೇ ದೋಷಕ್ಕೆ ಕಾರಣವಾಗುತ್ತದೆ. ಇಂಥ ಗೊಂದಲ ಬೇಡವೆಂದು ಗಿಟ್‌ನಲ್ಲಿ ಸಾಲು ಎಣಿಸುವುದಕ್ಕೆಂದೇ ಒಂದು ಸಹಾಯಕ ಕ್ರಿಯೆಯನ್ನು ರಚಿಸಿಕೊಂಡಿದ್ದಾರೆ.

ಇನ್ನೊಂದು ಪ್ರಸಂಗ, ಒಂದು ಆದೇಶದ ಮಟ್ಟಿಗೆ ಮಾತ್ರ ಒಂದು ಚರಕ್ಕೆ ಬೆಲೆ ಕೊಡುವ ರಚನೆ. 'ಹೆಸರು=ಬೆಲೆ' ಎಂದು ಬರೆದು ಅದೇ ಸಾಲಿನಲ್ಲಿ ಆದೇಶವನ್ನು ಬರೆದರೆ ಆ ಬೆಲೆ ಆ ಆದೇಶ ಮುಗಿಯುವವರೆಗೆ ಮಾತ್ರ ಇರುತ್ತದೆ. ಆದರೆ ಆದೇಶದ ಸ್ಥಾನದಲ್ಲಿ ಸ್ಕ್ರಿಪ್ಟಿನೊಳಗೇ ನಿರೂಪಿಸಿದ ಕ್ರಿಯೆಯಿದ್ದರೆ, ಕೆಲವು ಷೆಲ್‌ಗಳಲ್ಲಿ ಆ ಬೆಲೆ ಕ್ರಿಯೆ ಮುಗಿದ ಮೇಲೂ ಉಳಿದು ಮುಂದಿನ ಎಲ್ಲ ಪರೀಕ್ಷೆಗಳಿಗೂ ಅಂಟಿಕೊಳ್ಳುತ್ತದೆ. ಹತ್ತನೆಯ ಪರೀಕ್ಷೆಯಲ್ಲಿ ಮಾಡಿದ ತಪ್ಪು ನಲವತ್ತನೆಯ ಪರೀಕ್ಷೆಯಲ್ಲಿ ಕಾಣಿಸಬಹುದು; ಅಥವಾ ನಲವತ್ತನೆಯದು ಸೋಲಬೇಕಾದಲ್ಲಿ ಗೆದ್ದುಬಿಡಬಹುದು. ಓದುವವರ ಕಣ್ಣಿಗೆ ಆ ಸಾಲು ನಿರಪರಾಧಿಯಂತೆ ತೋರುತ್ತದೆ. ಅಲ್ಲಿರುವ ಹೆಸರು ಹೊರಗಿನ ಆದೇಶದ್ದೋ ಒಳಗಿನ ಕ್ರಿಯೆಯದೋ ಎಂದು ಬಲ್ಲವರಿಗೆ ಮಾತ್ರ ಅಪಾಯ ಕಾಣುತ್ತದೆ.

ಲೇಖನದ ಮುಖ್ಯ ವಿಷಯಕ್ಕೆ ಈಗ ಬರಬಹುದು. ಪೋರ್ಟಬಿಲಿಟಿಯ ಚರ್ಚೆಯೆಂದರೆ 'ಅಲ್ಲಿ ಸೋಲುತ್ತದೆ' ಎಂಬ ದೂರುಗಳ ಚರ್ಚೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಸೋಲು ದೊಡ್ಡ ಅಪಾಯವಲ್ಲ. ಸೋತ ಪರೀಕ್ಷೆ ತನ್ನ ಇರವನ್ನು ತಾನೇ ಸಾರುತ್ತದೆ. ಯಾರಾದರೂ ಅದನ್ನು ನೋಡಿ ತಿದ್ದುತ್ತಾರೆ. ಅರ್ಥವಾಗದೆಯೂ ಗೆದ್ದ ಪರೀಕ್ಷೆಯನ್ನು ಯಾರೂ ನೋಡುವುದಿಲ್ಲ.

ಪದಗಳನ್ನು ಹುಡುಕುವ 'ಗ್ರೆಪ್' ಆದೇಶ ಮೂರು ಬಗೆಯ ಉತ್ತರಗಳನ್ನು ಕೊಡುತ್ತದೆ. ಸಿಕ್ಕರೆ 0, ಸಿಗದಿದ್ದರೆ 1, ಹುಡುಕುವುದೇ ಸಾಧ್ಯವಾಗದಿದ್ದರೆ 1ಕ್ಕಿಂತ ಹೆಚ್ಚಿನ ಸಂಖ್ಯೆ. 'ಡಿಫ್' ಮತ್ತು 'ಟೆಸ್ಟ್' ಆದೇಶಗಳದೂ ಇದೇ ಕ್ರಮ. ಮಾನಕವನ್ನು ರಚಿಸಿದವರು 'ಇಲ್ಲ' ಮತ್ತು 'ತಿಳಿಯಲಿಲ್ಲ' ಎಂಬೆರಡನ್ನು ಎಚ್ಚರದಿಂದ ಬೇರ್ಪಡಿಸಿದ್ದಾರೆ. ಆದರೆ ಷೆಲ್‌ನ ವಾಕ್ಯರಚನೆ ಈ ಎಚ್ಚರವನ್ನು ಉಳಿಸಿಕೊಳ್ಳುವುದಿಲ್ಲ. ಅದಕ್ಕೆ ಸೊನ್ನೆ ಮತ್ತು ಸೊನ್ನೆಯಲ್ಲದ್ದು ಎಂಬ ಎರಡೇ ವರ್ಗಗಳು. ಈಗ ಒಂದು ಪರೀಕ್ಷೆಯಲ್ಲಿ 'ಫಲಿತಾಂಶದಲ್ಲಿ ಈ ಪದ ಇರಬಾರದು' ಎಂದು ಖಚಿತಪಡಿಸಬೇಕಾಗಿದೆ ಎಂದುಕೊಳ್ಳೋಣ. ಗ್ರೆಪ್‌ನ ಹಿಂದೆ ನಿಷೇಧ ಚಿಹ್ನೆಯನ್ನು (!) ಇಟ್ಟರೆ ಉತ್ತರ ತಿರುಗುಮುರುಗಾಗಿ, ಪದ ಸಿಗದಿದ್ದಾಗ ಪರೀಕ್ಷೆ ಗೆಲ್ಲುತ್ತದೆ. ಬರೆದವರು ತಮ್ಮ ಲಿನಕ್ಸ್ ಯಂತ್ರದಲ್ಲಿ ಲಭ್ಯವಿರುವ ಗ್ರೆಪ್‌ನ 'ಪಿ' ಆಯ್ಕೆಯನ್ನು, ಎಂದರೆ ಪರ್ಲ್ ಭಾಷೆಯ ಶೈಲಿಯ ವಿನ್ಯಾಸಗಳನ್ನು, ಬಳಸಿದ್ದಾರೆ. ಮ್ಯಾಕ್‌ನೊಂದಿಗೆ ಬರುವ ಗ್ರೆಪ್‌ಗೆ ಈ ಆಯ್ಕೆ ತಿಳಿಯದು. ಅದು ಕಡತವನ್ನು ತೆರೆಯದೆಯೇ 2 ಎಂದು ಹಿಂದಿರುಗುತ್ತದೆ. ನಿಷೇಧ ಚಿಹ್ನೆ ಅದನ್ನು 0 ಆಗಿಸುತ್ತದೆ. ಪರೀಕ್ಷೆ ಗೆದ್ದಿತು ಎಂದು ಮುದ್ರಿತವಾಗುತ್ತದೆ. ಇರಬಾರದ ಪದ ಕಡತದಲ್ಲಿ ನೂರು ಸಲ ಇದ್ದರೂ ಅದು ಗೆಲ್ಲುತ್ತಲೇ ಇರುತ್ತದೆ.

ಸ್ಕ್ರಿಪ್ಟಿನಲ್ಲಿ ಸಕಾರಾತ್ಮಕ ಹುಡುಕಾಟವಿದ್ದಿದ್ದರೆ ಇದೇ ದೋಷ ಮೊದಲ ದಿನವೇ ಹೊರಬೀಳುತ್ತಿತ್ತು. ಆದ್ದರಿಂದ ಪರಿಶೀಲನೆಯಲ್ಲಿ ನಿಷೇಧವಿರುವ ಸಾಲುಗಳನ್ನು ಎರಡು ಪಟ್ಟು ನಿಧಾನವಾಗಿ ಓದಬೇಕಾಗುತ್ತದೆ. ಗಿಟ್‌ನಲ್ಲಿ ಈ ಅಂಶವನ್ನು ಇನ್ನೊಂದು ಕಡೆ ಚೆನ್ನಾಗಿ ಅರಿತಿದ್ದಾರೆ. ಗಿಟ್ ಆದೇಶವೊಂದು ವಿಫಲವಾಗಲೇಬೇಕು ಎಂಬ ಪರೀಕ್ಷೆಗೆ ನಿಷೇಧ ಚಿಹ್ನೆಯನ್ನು ಬಳಸಕೂಡದು. 'ಟೆಸ್ಟ್ ಮಸ್ಟ್ ಫೇಲ್' ಎಂಬ ಕ್ರಿಯೆಯನ್ನೇ ಬಳಸಬೇಕು. ತಾನೇ ಕುಸಿದು ಸತ್ತ ಆದೇಶವೂ ಸೊನ್ನೆಯಲ್ಲದ ಸಂಖ್ಯೆಯನ್ನೇ ಕೊಡುತ್ತದೆ. ಉದ್ದೇಶಪೂರ್ವಕವಾಗಿ 'ಆಗದು' ಎಂದದ್ದನ್ನೂ ಮಾತಿನ ನಡುವೆಯೇ ಕುಸಿದದ್ದನ್ನೂ ಈ ಕ್ರಿಯೆ ಬೇರೆ ಮಾಡುತ್ತದೆ.

ಉತ್ತರ ಕಳೆದುಹೋಗುವ ಇನ್ನೆರಡು ದಾರಿಗಳಿವೆ. ಒಂದು, ಕೊಳವೆ (|). ಗಿಟ್‌ನ ಉತ್ತರವನ್ನು ಕೊಳವೆಯ ಮೂಲಕ ಗ್ರೆಪ್‌ಗೆ ಹರಿಸಿದರೆ ಷೆಲ್ ಕೇಳಿಸಿಕೊಳ್ಳುವುದು ಕೊನೆಯ ಆದೇಶದ ಸಂಖ್ಯೆಯನ್ನು ಮಾತ್ರ; ಗಿಟ್ ಕುಸಿದುಬಿದ್ದರೂ ಅದು ಯಾರಿಗೂ ತಿಳಿಯದು. ಕೊಳವೆಯ ಯಾವ ಆದೇಶ ಸೋತರೂ ತಿಳಿಸುವ 'ಪೈಪ್‌ಫೇಲ್' ಎಂಬ ವ್ಯವಸ್ಥೆ ಮಾನಕಕ್ಕೆ ಸೇರಿದ್ದು 2024ರಲ್ಲಿ. ಹಳೆಯ ಷೆಲ್‌ಗಳಿಗೆ ಅದು ಗೊತ್ತಿಲ್ಲ. ಹಾಗಾಗಿ ಮೊದಲು ಉತ್ತರವನ್ನು ಕಡತವೊಂದಕ್ಕೆ ಬರೆದು ಬಳಿಕ ಅದರಲ್ಲಿ ಹುಡುಕುವುದು ಗಿಟ್‌ನ ರೂಢಿ. ಇನ್ನೊಂದು ದಾರಿ, ಸಾಲುಗಳ ನಡುವಿನ ಕೊಂಡಿ. ಒಂದು ಪರೀಕ್ಷೆಯಲ್ಲಿ ಹತ್ತು ಸಾಲುಗಳಿದ್ದರೆ ಷೆಲ್ ಕೊನೆಯ ಸಾಲಿನ ಸಂಖ್ಯೆಯನ್ನೇ ಇಡೀ ಪರೀಕ್ಷೆಯ ಸಂಖ್ಯೆಯೆಂದು ಭಾವಿಸುತ್ತದೆ. ಆದ್ದರಿಂದ ಪ್ರತಿ ಸಾಲಿನ ತುದಿಯಲ್ಲೂ 'ಇದು ಸಫಲವಾದರೆ ಮಾತ್ರ ಮುಂದಕ್ಕೆ' ಎಂಬರ್ಥದ ಕೊಂಡಿಯನ್ನು (&&) ಬರೆಯಬೇಕು. ಒಂದು ಕಡೆ ಅದು ಬಿಟ್ಟುಹೋದರೆ ಅದಕ್ಕೆ ಮುಂಚಿನ ಸಾಲುಗಳ ಸೋಲು ಲೆಕ್ಕಕ್ಕೆ ಬರುವುದಿಲ್ಲ.

ಬಿಟ್ಟುಹೋದ ಕೊಂಡಿಯನ್ನು ಕಣ್ಣಿನಿಂದ ಹಿಡಿಯುವುದು ಅಚ್ಚಿನ ಕರಡಿನಲ್ಲಿ ಬಿಟ್ಟುಹೋದ ಬಿಂದುವನ್ನು ಹಿಡಿಯುವಷ್ಟೇ ಕಷ್ಟ. ಇದಕ್ಕೆ 2015ರಲ್ಲಿ ಗಿಟ್‌ಗೆ ಸೇರಿದ ಉಪಾಯ ಬಹಳ ಸರಳವಾದುದು. ಪರೀಕ್ಷೆಯನ್ನು ನಡೆಸುವ ಮೊದಲು ಅದರ ತಲೆಯಲ್ಲಿ, 117 ಎಂಬ ಸಂಖ್ಯೆಯೊಂದಿಗೆ ಸೋಲುವ ಒಂದು ಆದೇಶವನ್ನು ಕೊಂಡಿಯಿಂದ ಸೇರಿಸಲಾಗುತ್ತದೆ. ಎಲ್ಲ ಕೊಂಡಿಗಳೂ ಸರಿಯಾಗಿದ್ದರೆ ಮುಂದಿನ ಯಾವ ಸಾಲೂ ನಡೆಯದೆ ಕೊನೆಗೆ 117 ಎಂಬ ಸಂಖ್ಯೆಯೇ ಹೊರಬರಬೇಕು. ಬೇರೆ ಸಂಖ್ಯೆ ಬಂದರೆ ನಡುವೆ ಎಲ್ಲೋ ಸರಪಳಿ ಹರಿದಿದೆ. ಸಾಮಾನ್ಯ ಆದೇಶಗಳು ಬಳಸದಂಥ ಸಂಖ್ಯೆಯೆಂಬುದನ್ನು ಬಿಟ್ಟರೆ 117ಕ್ಕೆ ಬೇರೆ ಮಹಿಮೆಯಿಲ್ಲ. ಒಳಕೋಷ್ಠಕಗಳೊಳಗೆ ಅಡಗಿದ ಕೊಂಡಿಗಳನ್ನು ಈ ಉಪಾಯ ಮುಟ್ಟಲಾರದ್ದರಿಂದ 2018ರಲ್ಲಿ ಸೆಡ್‌ನಲ್ಲಿ ಬರೆದ ಪರಿಶೋಧಕವೂ, 2022ರಲ್ಲಿ ಅದರ ಬದಲಿಗೆ ಪರ್ಲ್‌ನಲ್ಲಿ ಬರೆದ ಇನ್ನೊಂದೂ ಬಂದವು. ಪೋರ್ಟಬಿಲಿಟಿಗೆ ಮೀಸಲಾದ ಪರಿಶೋಧಕ 2013ರಿಂದ ಇದೆ: ಮೇಲೆ ಹೇಳಿದ ನಿಷಿದ್ಧ ಪ್ರಯೋಗಗಳನ್ನು ಸಾಲು ಸಾಲಾಗಿ ಹುಡುಕಿ, ಪ್ರತಿಯೊಂದಕ್ಕೂ ಏನನ್ನು ಬಳಸಬೇಕೆಂದು ಸೂಚಿಸುವ ಚಿಕ್ಕ ಪರ್ಲ್ ಕಡತ ಅದು.

ಯಂತ್ರವೇ ಹುಡುಕುವುದಾದರೆ ಮನುಷ್ಯ ಪರಿಶೀಲಕರು ಏಕೆ ಬೇಕು? ಪರಿಶೋಧಕ ಓದುವುದು ಅಕ್ಷರಗಳನ್ನು, ಅರ್ಥವನ್ನಲ್ಲ. ಎರಡು ಸಮ ಚಿಹ್ನೆಗಳನ್ನು ಅದು ಹಿಡಿಯಬಲ್ಲುದು. ಬರೆದವರು ಮೂರನೆಯ ಉತ್ತರವನ್ನು ಎರಡನೆಯದರೊಂದಿಗೆ ಬೆರೆಸಿದ್ದಾರೆ ಎಂಬುದನ್ನು ಹಿಡಿಯಲಾರದು. ಅದಕ್ಕಿಂತ ಮುಖ್ಯವಾಗಿ, ಮಾನಕವನ್ನು ಎಲ್ಲಿಯವರೆಗೆ ಅನುಸರಿಸಬೇಕು ಎಂಬುದು ವಿವೇಚನೆಯ ಪ್ರಶ್ನೆ. ಗಿಟ್‌ನ ಬರವಣಿಗೆಯ ಮಾರ್ಗಸೂಚಿಯಲ್ಲಿ ಈ ಬಗ್ಗೆ ಒಂದು ಪ್ರಾಮಾಣಿಕ ನಿಲುವಿದೆ. ಪೊಸಿಕ್ಸ್‌ನಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ, ಅದನ್ನು ಪಾಲಿಸದ ವ್ಯವಸ್ಥೆಯ ಬಳಕೆದಾರರನ್ನು ಕಡೆಗಣಿಸುವುದಿಲ್ಲ. ಪೊಸಿಕ್ಸ್‌ನಲ್ಲಿಯೂ ಇಲ್ಲದ್ದನ್ನು ಸಾಮಾನ್ಯವಾಗಿ ದೂರವಿಡುತ್ತೇವೆ. ಆದರೂ ಎಲ್ಲ ಕಡೆಯೂ ನಡೆಯುವ, ಓದಲು ಹಿತವಾದ ಪ್ರಯೋಗವಿದ್ದರೆ ಮಾನಕದ ಹೊರಗಿನದಾದರೂ ಸ್ವೀಕರಿಸುತ್ತೇವೆ ಎಂಬುದು ಅದರ ಸಾರ. ಚರವನ್ನು ಒಂದು ಕ್ರಿಯೆಯೊಳಗೇ ಸೀಮಿತಗೊಳಿಸುವ 'ಲೋಕಲ್' ಇದಕ್ಕೆ ನಿದರ್ಶನ. ಅದು ಪೊಸಿಕ್ಸ್‌ನಲ್ಲಿಲ್ಲ. ಗಿಟ್‌ನ ಪರೀಕ್ಷೆಗಳಲ್ಲಿ ಅದನ್ನು ಧಾರಾಳವಾಗಿ ಬಳಸುತ್ತಾರೆ. ಬಳಕೆದಾರರ ಕೈಗೆ ಹೋಗುವ ಸ್ಕ್ರಿಪ್ಟ್‌ಗಳಲ್ಲಿ ಬಳಸುವುದಿಲ್ಲ. ಬಳಸುವಾಗಲೂ, ಬೆಲೆಯನ್ನು ಉದ್ಧರಣ ಚಿಹ್ನೆಗಳೊಳಗೇ ಇಡಬೇಕೆಂಬ ಕಟ್ಟಳೆಯಿದೆ, ಏಕೆಂದರೆ ಡ್ಯಾಷ್‌ನ ಕೆಲವು ಆವೃತ್ತಿಗಳು ಆ ಸ್ಥಾನದಲ್ಲಿ ಬೆಲೆಯನ್ನು ಖಾಲಿ ಜಾಗಗಳಲ್ಲಿ ತುಂಡರಿಸಿಬಿಡುತ್ತವೆ. ವ್ಯಾಕರಣಕಾರರು ಒಪ್ಪದ ರೂಪವನ್ನು ಪ್ರಯೋಗಬಲದಿಂದ ಸಾಧುವೆಂದು ಸ್ವೀಕರಿಸುವ ಸಂಪಾದಕರ ಕ್ರಮಕ್ಕೆ ಇದು ದೂರದ್ದಲ್ಲ.

'ತಿಳಿಯಲಿಲ್ಲ' ಎಂಬ ಉತ್ತರವನ್ನು ಗಿಟ್ ಗೌರವದಿಂದ ಕಾಣುವುದು ಪೂರ್ವಾಪೇಕ್ಷೆಗಳ ವ್ಯವಸ್ಥೆಯಲ್ಲಿ. ಸಾಂಕೇತಿಕ ಕೊಂಡಿಗಳಿಲ್ಲದ, ಅಥವಾ ದೊಡ್ಡ ಅಕ್ಷರ ಸಣ್ಣ ಅಕ್ಷರಗಳ ಭೇದವನ್ನು ಕಡತದ ಹೆಸರುಗಳಲ್ಲಿ ಗಣಿಸದ ಯಂತ್ರಗಳಲ್ಲಿ ಕೆಲವು ಪರೀಕ್ಷೆಗಳಿಗೆ ಅರ್ಥವೇ ಇರುವುದಿಲ್ಲ. ಅಂಥ ಪರೀಕ್ಷೆಗೆ ತನಗೆ ಬೇಕಾದ ಸಾಮರ್ಥ್ಯದ ಹೆಸರನ್ನು ಮೊದಲೇ ಲಗತ್ತಿಸಲಾಗುತ್ತದೆ; ಯಂತ್ರದಲ್ಲಿ ಅದಿಲ್ಲದಿದ್ದರೆ ಪರೀಕ್ಷೆ ಗೆದ್ದಿತೆಂದಾಗಲಿ ಸೋತಿತೆಂದಾಗಲಿ ಹೇಳದೆ, ಯಾವ ಕಾರಣದಿಂದ ಬಿಡಲಾಯಿತೆಂದು ವರದಿಯಲ್ಲಿ ಬರೆಯಲಾಗುತ್ತದೆ. ಇಲ್ಲಿಯೂ ಪರಿಶೀಲಕರಿಗೆ ಒಂದು ಕೆಲಸವಿದೆ. ಸಾಮರ್ಥ್ಯದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಆ ಹೆಸರಿನ ಸಾಮರ್ಥ್ಯ ಯಾವ ಯಂತ್ರದಲ್ಲಿಯೂ ದೊರೆಯದೆ, ಪರೀಕ್ಷೆ ಜಗತ್ತಿನಲ್ಲೆಲ್ಲ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಇಲ್ಲಿಂದ ಕನ್ನಡಕ್ಕೆ ಬರುವ ದಾರಿ ಹತ್ತಿರವಾಗಿದೆ. ಪರೀಕ್ಷೆಗಳನ್ನು ನಡೆಸುವ ಮೊದಲು ಗಿಟ್ ತನ್ನ ಸುತ್ತಲಿನ ಭಾಷಾವ್ಯವಸ್ಥೆಯನ್ನು 'ಸಿ' ಎಂಬ ತಟಸ್ಥ ಸ್ಥಿತಿಗೆ ತರುತ್ತದೆ. ಆಗ ಅಕಾರಾದಿ ಎಂದರೆ ಬೈಟುಗಳ ಕ್ರಮ ಮಾತ್ರ. ಯೂನಿಕೋಡ್‌ನಲ್ಲಿ ಳಕಾರ ಲಕಾರದ ಪಕ್ಕದಲ್ಲಿರುವುದರಿಂದ, ನಮ್ಮ ವರ್ಣಮಾಲೆಯ ಕೊನೆಯಲ್ಲಿ ಬರಬೇಕಾದ ಅದು ಈ ಕ್ರಮದಲ್ಲಿ ವಕಾರಕ್ಕಿಂತ ಮೊದಲೇ ಬರುತ್ತದೆ. ಪರೀಕ್ಷೆಗೆ ಬೇಕಾದುದು ನಿಘಂಟಿನ ಕ್ರಮವಲ್ಲ, ಎಲ್ಲ ಯಂತ್ರಗಳಲ್ಲೂ ಒಂದೇ ಆದ ಕ್ರಮ. ಆದ್ದರಿಂದ ಗಿಟ್‌ಗೆ ಇದು ಸರಿ. ಪದಸೂಚಿ ತಯಾರಿಸುವ ನಮಗೆ ಇದು ಸರಿಯಲ್ಲ. ಎಣಿಕೆಯಲ್ಲಿಯೂ ಹೀಗೆಯೇ. 'ಕೋಶ' ಎಂಬ ಪದದಲ್ಲಿ ನಮಗೆ ಕಾಣುವುದು ಎರಡು ಅಕ್ಷರಗಳು; ಯೂನಿಕೋಡ್ ಸಂಕೇತಗಳು ಮೂರು; ಯುಟಿಎಫ್-8ರಲ್ಲಿ ಬೈಟುಗಳು ಒಂಬತ್ತು. ತಟಸ್ಥ ಸ್ಥಿತಿಯಲ್ಲಿ ಯಂತ್ರ ಒಂಬತ್ತು ಎಂದೇ ಹೇಳುತ್ತದೆ.

ಕಡತಕ್ಕೆ 'ಕೋಶ' ಎಂದು ಕನ್ನಡದಲ್ಲಿ ಹೆಸರಿಟ್ಟು ಗಿಟ್‌ಗೆ ಒಪ್ಪಿಸಿದರೆ, ಅದು ಆ ಹೆಸರನ್ನು "\340\262\225\340\263\213\340\262\266" ಎಂದು ತೋರಿಸುತ್ತದೆ. ಹೆಸರು ಕೆಟ್ಟಿತೆಂದು ಹಲವರು ಗಾಬರಿಗೊಳ್ಳುವುದುಂಟು. ವಾಸ್ತವವಾಗಿ ಇವು ಆ ಒಂಬತ್ತು ಬೈಟುಗಳ ಅಷ್ಟಮಾನ ರೂಪಗಳು. ಯಾವ ತೆರೆಯ ಮೇಲೂ ಕೆಡದೆ ತೋರಲೆಂದು ಮಾಡಿದ ಏರ್ಪಾಡು. 'ಕೋರ್ ಕೋಟ್‌ಪಾತ್' ಎಂಬ ಆಯ್ಕೆಯನ್ನು ನಿಷ್ಕ್ರಿಯಗೊಳಿಸಿದರೆ ಕನ್ನಡವೇ ಕಾಣುತ್ತದೆ. ಪರೀಕ್ಷೆಗಳಲ್ಲಿ ಇಂಥ ಹೆಸರುಗಳನ್ನು ರಚಿಸುವಾಗಲೂ ಪ್ರಿಂಟ್‌ಎಫ್‌ಗೆ ಅಷ್ಟಮಾನ ರೂಪಗಳನ್ನೇ ಕೊಡಬೇಕು; ಷೋಡಶಮಾನ ರೂಪ ಬ್ಯಾಷ್‌ಗೆ ತಿಳಿಯುತ್ತದೆ, ಡ್ಯಾಷ್‌ಗೆ ತಿಳಿಯದು.

ಇನ್ನೂ ಆಳವಾದ ತೊಡಕು ಓತ್ವದ್ದು. 'ಕೋ' ಎಂಬುದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು ಮತ್ತು ದೀರ್ಘಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಸಾರುತ್ತದೆ. ಕಣ್ಣಿಗೂ ಎರಡೂ ಒಂದೇ. ಆದರೆ ಮೊದಲನೆಯ ರೀತಿಯಲ್ಲಿ 'ಕೋಶ' ಒಂಬತ್ತು ಬೈಟುಗಳ ಹೆಸರು. ಎರಡನೆಯ ರೀತಿಯಲ್ಲಿ ಹದಿನೈದು ಬೈಟುಗಳದು. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಲಿನಕ್ಸ್ ಕೊಟ್ಟ ಬೈಟುಗಳನ್ನು ಹಾಗೆಯೇ ಇಡುತ್ತದೆ. ಇದರಿಂದ ಒಂದೇ ಕಡತ ಗಿಟ್‌ನ ಕಣ್ಣಿಗೆ ಎರಡು ಬೇರೆ ಕಡತಗಳಾಗಿ ಕಾಣುತ್ತಿತ್ತು. 2012ರ 1.7.12 ಆವೃತ್ತಿಯಲ್ಲಿ ಮ್ಯಾಕ್‌ನ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತರುವ ವ್ಯವಸ್ಥೆ ಗಿಟ್‌ಗೆ ಸೇರಿತು. ಇದರ ಪರೀಕ್ಷೆಗೆ ಬೇಕಾದ ಪೂರ್ವಾಪೇಕ್ಷೆಯನ್ನು ನಿರ್ಧರಿಸುವ ರೀತಿ ಗಮನಾರ್ಹವಾಗಿದೆ. 'ಇದು ಮ್ಯಾಕ್ ಹೌದೇ' ಎಂದು ಕೇಳುವುದಿಲ್ಲ. ಜರ್ಮನ್ ಭಾಷೆಯ ಎರಡು ಚುಕ್ಕೆಯ 'ಎ' ಅಕ್ಷರವನ್ನು ಕೂಡಿಸಿದ ರೂಪದಲ್ಲಿ ಹೆಸರಾಗಿಟ್ಟು ಒಂದು ಖಾಲಿ ಕಡತವನ್ನು ಸೃಷ್ಟಿಸಿ, ಬಿಡಿಸಿದ ರೂಪದ ಹೆಸರಿನಿಂದ ಅದು ಸಿಗುವುದೇ ಎಂದು ನೋಡುತ್ತಾರೆ. ಯಂತ್ರದ ಹೆಸರನ್ನು ನಂಬದೆ ಅದರ ನಡತೆಯನ್ನೇ ಪರೀಕ್ಷಿಸುವ ಈ ಕ್ರಮ ಇಡೀ ಪದ್ಧತಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶ.

ಈ ಅಧ್ಯಯನದ ಬಳಿಕ ನನ್ನ ಹಳೆಯ ಸ್ಕ್ರಿಪ್ಟನ್ನು ಮತ್ತೆ ಬರೆದೆ. ಎರಡು ಸಮ ಚಿಹ್ನೆಗಳ ಜಾಗದಲ್ಲಿ ಒಂದನ್ನು ಇಟ್ಟರೆ ಸಾಕೆಂದು ಮೊದಲು ತೋರಿತ್ತು. ಆದರೆ ಡಿಫ್‌ನ ಉತ್ತರವನ್ನು ಮೂರು ಕವಲುಗಳಾಗಿ ಒಡೆದು, 0 ಆದರೆ 'ಸಮಾನಪಾಠ', 1 ಆದರೆ 'ಪಾಠಾಂತರವಿದೆ', ಬೇರೆ ಏನಾದರೂ ಆದರೆ 'ಹೋಲಿಸಲಾಗಲಿಲ್ಲ' ಎಂದು ಬರೆಸಿದೆ. ಅಡಗಿಸಿದ್ದ ದೋಷಸೂಚನೆಗಳನ್ನೂ ಹೊರಗೆ ಬಿಟ್ಟೆ. ಮನೆಯ ಯಂತ್ರದಲ್ಲಿ ಹಿಂದೆ ಎಲ್ಲವೂ ಸರಿಯಾಗಿ ನಡೆಯಿತು ಎಂದು ಮೇಲೆ ಹೇಳಿದ್ದು ಪೂರ್ತಿ ನಿಜವಲ್ಲವೆಂದು ಆಗ ತಿಳಿಯಿತು. ಅಲ್ಲಿಯೂ ಕೆಲವು ಪದ್ಯಗಳು ಮೂರನೆಯ ಕವಲಿಗೆ ಬಿದ್ದವು. ಎರಡನೆಯ ಪ್ರತಿಯನ್ನು ಗಣಕಕ್ಕೆ ಏರಿಸಿದ್ದು ಹಳೆಯ ಮ್ಯಾಕ್ ಯಂತ್ರವೊಂದರಲ್ಲಿ. ಮೊದಲ ಪದದಲ್ಲಿ ಓತ್ವವೋ ಏತ್ವವೋ ಇದ್ದ ಪದ್ಯಗಳ ಕಡತಗಳು ಬಿಡಿಸಿದ ರೂಪದ ಹೆಸರುಗಳನ್ನು ಹೊತ್ತು ಬಂದಿದ್ದವು. ಡಿಫ್ ಅವುಗಳನ್ನು ಕಾಣದೆ ಮೊದಲಿನಿಂದಲೂ 2 ಎಂದೇ ಹೇಳುತ್ತಿತ್ತು. ಆ ಪದ್ಯಗಳ ಮುಂದೆ ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಸಮಾನಪಾಠ' ಎಂಬ ಗುರುತು ಇದ್ದಿತು. ಅವುಗಳನ್ನು ಹೊಡೆದುಹಾಕಿ, ಓಲೆಪ್ರತಿಯ ಛಾಯಾಚಿತ್ರದೊಂದಿಗೆ ಒಂದೊಂದನ್ನೂ ಕೈಯಿಂದ ಹೋಲಿಸುತ್ತಿದ್ದೇನೆ.